ಚಹಾ ಪೆಟ್ಟಿಗೆಯ ತಗಡಿನಲ್ಲಿ ಬೆಳ್ಳಗಾದದ್ದು

ಐವತ್ತರ ದಶಕದ ಕೊನೆಗೆ ನನಗೆ ಗಂಡು ಹುಡುಕುವ ಕೆಲಸ ಶುರುವಾದಾಗ ನಮ್ಮ ಮನೆಯಲ್ಲಿ ಎರಡಕ್ಕೆ ಬರಗಾಲವಿರಲಿಲ್ಲ, ಸಾಂಬಾರಿಗೆ ಮತ್ತು ಸಲಹೆಗೆ. ಮದರಾಸಿನ ಟಿ. ನಗರದಲ್ಲಿ ಕೆಳಗೆ ಅಪ್ಪಯ್ಯನ ಹೋಟೆಲು, ಮೇಲೆ ನಮ್ಮ ಸಂಸಾರ. ಸಾಂಬಾರು ಕೆಳಗಿನಿಂದ ಬರುತ್ತಿತ್ತು, ಸಲಹೆ ಕುಂದಾಪುರದ ಕಡೆಯ ನೆಂಟರಿಂದ. ಹುಡುಗಿ ಕಪ್ಪು, ಆದ್ದರಿಂದ ಫೋಟೋ ಚೆನ್ನಾಗಿರಬೇಕು ಎನ್ನುವುದು ಅವರೆಲ್ಲರ ಮಾತಿನ ಸಾರ. ನಾನು ಇಂಟರ್‌ಮೀಡಿಯೆಟ್ ಪಾಸಾದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಜಾತಕದ ಜೊತೆ ಹೋಗುವ ಆ ಪಟದ ಮೇಲೆಯೇ ನನ್ನ ಮದುವೆ ನಿಂತಿತ್ತು.

ಫೋಟೋ ಸ್ಟುಡಿಯೋಗೆ ಹೋದರೆ ಮುಗಿಯುತ್ತಿತ್ತು. ಆದರೆ ಅಪ್ಪಯ್ಯನ ಹತ್ತಿರ ಮೂರ್ ಮಾರ್ಕೆಟ್ಟಿನಲ್ಲಿ ಕೊಂಡ ಹಳೆಯ ಕ್ಯಾಮೆರಾ ಒಂದಿತ್ತು. ಅದಕ್ಕಿಂತ ಅಪಾಯದ್ದೆಂದರೆ, ಅವರ ಹತ್ತಿರ ಜ್ಞಾನವೂ ಇತ್ತು. ಕೋಡಂಬಾಕ್ಕಂನ ಸಿನಿಮಾ ಸ್ಟುಡಿಯೋಗೆ ನಮ್ಮ ಹೋಟೆಲಿನಿಂದ ತಿಂಡಿ ಹೋಗುತ್ತಿತ್ತು. ಒಮ್ಮೆ ಜೊತೆಗೆ ಹೋದ ಅಪ್ಪಯ್ಯ, ಬೆಳ್ಳಿ ಕಾಗದ ಅಂಟಿಸಿದ ದೊಡ್ಡ ಹಲಗೆಗಳಿಂದ ಬಿಸಿಲನ್ನು ತಿರುಗಿಸಿ ನಾಯಕಿಯ ಮುಖಕ್ಕೆ ಹೊಡೆಯುವುದನ್ನು ನೋಡಿ ಬಂದರು. ಆಕೆಯೂ ಹತ್ತಿರದಿಂದ ನೋಡಿದರೆ ನನ್ನ ಬಣ್ಣದವಳೇ ಅಂತೆ. ಪರದೆಯ ಮೇಲೆ ಮಾತ್ರ ಹಾಲಿನ ಕೆನೆ. ಅಂದಿನಿಂದ ನನ್ನ ಭವಿಷ್ಯ ಅಪ್ಪಯ್ಯನಿಗೆ ಸ್ಪಷ್ಟವಾಗಿ ಕಾಣತೊಡಗಿತು.

ಹೋಟೆಲಿಗೆ ಚಹಾ ಪುಡಿ ಬರುತ್ತಿದ್ದ ಮರದ ಪೆಟ್ಟಿಗೆಗಳ ಒಳಗೆ ತೆಳ್ಳನೆಯ ಬೆಳ್ಳಿ ತಗಡು ಹಾಸಿರುತ್ತಿತ್ತು. ಅದನ್ನು ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ ಹಿಂದಿನ ಕಾಗದ ಕಿತ್ತು, ಮೈದಾ ಅಂಟಿನಿಂದ ಪೆಟ್ಟಿಗೆಯ ಹಲಗೆಗೇ ಹಚ್ಚಿದರು. ತಗಡು ಸುಕ್ಕುಸುಕ್ಕಾಗಿತ್ತು. ಸುಕ್ಕು ಇದ್ದರೇ ಬೆಳಕು ಚದುರಿ ಮೆತ್ತಗೆ ಬೀಳುತ್ತದೆ ಎಂದು ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿಯಿತು. ಆದರೆ ಹೋಟೆಲಿನವರ ಕಣ್ಣಿಗೆ ಹೊಳೆಯದ್ದೆಲ್ಲ ತೊಳೆಯದ್ದೇ. ಅಪ್ಪಯ್ಯ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ, ತಗಡಿನ ಮೇಲೆ ಉಜ್ಜಿ ಉಜ್ಜಿ, ಅದನ್ನು ಕನ್ನಡಿ ಮಾಡಿಟ್ಟರು.

ತಾರಸಿಯ ಮೇಲೆ ಮದರಾಸಿನ ಬಿಸಿಲು. ಅದಕ್ಕೇನು ಕೊರತೆಯೇ? ಬಲಗಡೆ ಸೂರ್ಯನಾರಾಯಣ, ಎಡಗಡೆ ಹಲಗೆ ಹಿಡಿದ ಅಮ್ಮ, ನಡುವೆ ರೇಷ್ಮೆ ಸೀರೆಯುಟ್ಟ ನಾನು. ಪಕ್ಕದ ಮನೆಯ ತಮಿಳು ಮಾಮಿ ಅವರ ತಾರಸಿಯಿಂದ ಇಣುಕಿ, ವಡಾಂ ಸಂಡಿಗೆಯ ಜೊತೆಗೆ ಹುಡುಗಿಯನ್ನೂ ಒಣಗಿಸುತ್ತಿದ್ದೀರಾ ಎಂದು ವಿಚಾರಿಸಿದರು.

"ಕಣ್ ಸಮಾ ಬಿಡ್ ಮಗಾ," ಎಂದರು ಅಪ್ಪಯ್ಯ.

"ಬಿಡೂಕ್ ಆತಿಲ್ಲ ಅಪ್ಪಯ್ಯ. ಉರೀತ್."

"ಸ್ವಲ್ಪ ಉರದ್ರ್ ಉರೀಲಿ. ಬಣ್ಣ ಬತ್ತ್."

ಬಣ್ಣವೇನೋ ಬಂತು. ಪಟದಲ್ಲಿ ನಾನು ಆಗಷ್ಟೇ ತೆಗೆದ ಇಡ್ಲಿಯಷ್ಟು ಬೆಳ್ಳಗಿದ್ದೆ. ಕಣ್ಣು ಮಾತ್ರ ಒಂದು ಅರೆಮುಚ್ಚಿ, ಇನ್ನೊಂದು ಮೂಗಿನ ಕಡೆಗೆ ಓಡುತ್ತಿತ್ತು. ಜಾತಕ ಚೆನ್ನಾಗಿ ಕೂಡುತ್ತದೆ, ಆದರೆ ಹುಡುಗಿಗೆ ಮಾಲುಗಣ್ಣು ಹುಟ್ಟಿನಿಂದಲೇ ಇದೆಯೇ ಎಂದು ಮೊದಲ ಮನೆಯವರು ಬಹಳ ಮರ್ಯಾದೆಯಿಂದ ಕೇಳಿದರು. ಎರಡನೆಯ ಮನೆಯವರು ಮರ್ಯಾದೆ ಇಟ್ಟುಕೊಳ್ಳದೆ ಪಟ ವಾಪಸು ಕಳಿಸಿದರು. ಕಪ್ಪು ಹುಡುಗಿಯಾಗಿದ್ದ ನನಗೆ ಅಪ್ಪಯ್ಯ ಒಂದೇ ಹಲಗೆಯಿಂದ ಬೆಳ್ಳಗಿನ ಮಾಲುಗಣ್ಣಿಯಾಗಿ ಬಡ್ತಿ ಕೊಟ್ಟಿದ್ದರು.

"ನೆರಳಗೆ ಕೂರ್ಸಿ ತೆಗಿನಿ," ಎಂದಳು ಅಮ್ಮ. "ನಮ್ ಹೆಣ್ಣ್ ಹ್ಯಾಂಗಿತ್ತೋ ಹಾಂಗೇ ಕಾಣ್ಲಿ."

ಅಪ್ಪಯ್ಯ ಎರಡನೆಯ ಹಲಗೆ ಮಾಡಿದರು. ಈ ಸಲ ಹೊಸ ಉಪಾಯ. ನಾನು ಕಣ್ಣು ಮುಚ್ಚಿ ಕೂತಿರಬೇಕು, ಅವರು 'ಹೂಂ' ಎಂದಾಗ ತೆರೆಯಬೇಕು, ಕಣ್ಣು ಕುಗ್ಗುವ ಮೊದಲೇ ಅವರು ಕ್ಲಿಕ್ ಎನ್ನಿಸಬೇಕು. ಮಧ್ಯಾಹ್ನವಿಡೀ 'ಹೂಂ' ಕೇಳಿ ಕೇಳಿ ಒಂದು ಪಟ ಗೆದ್ದಿತು. ಬೆಳ್ಳಗೆ, ದೊಡ್ಡ ಕಣ್ಣು, ಬೆಳಕಿನಲ್ಲಿ ಅಳಿಸಿಹೋದ ಮೂಗು ಇದೆಯೆಂದು ನಂಬಿಕೆಯಿಂದ ತಿಳಿದುಕೊಳ್ಳಬೇಕಾದ ಮುಖ. ಎಂಥ ಚಂದದ ಹುಡುಗಿ! ನನಗೆ ಅವಳ ಪರಿಚಯವಿರಲಿಲ್ಲ. ಅಂದು ಮೊದಲ ಸಲ ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಅವಳ ಮದುವೆಗೆ ನಾನು ಹೋಗಿ ಕೂರಬೇಕಲ್ಲ ಎಂದು ಸಿಟ್ಟು ಬಂತು.

ಕೊಯಮತ್ತೂರಿನಲ್ಲಿ ಹೋಟೆಲಿಟ್ಟಿದ್ದ ಒಂದು ಮನೆಯವರು ಅವಳನ್ನು ಮೆಚ್ಚಿ ಹೆಣ್ಣು ನೋಡಲು ಬಂದರು. ನಾನು ಕಾಫಿ ತಟ್ಟೆ ಹಿಡಿದು ಬಂದೆ. ಹುಡುಗನ ತಾಯಿ ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಇನ್ನೂ ಯಾರೋ ಬರುವವರಿದ್ದಾರೆ ಎನ್ನುವಂತೆ. ಯಾರೂ ಬರಲಿಲ್ಲ. ಆಮೇಲೆ ಚೀಲದಿಂದ ಪಟ ತೆಗೆದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ನಮ್ಮಮ್ಮ ಅವರಷ್ಟೇ ಬೆಳ್ಳಗೆ, ಅವರೆದುರಿಗೇ ನಿಂತಿದ್ದಳು.

"ನಿಮ್ಮ ಮನಿಯಗೆ ಈ ಬಣ್ಣ ಯಾರದ್ದ್?" ಎಂದು ಹುಡುಗನ ತಾಯಿ ಕೇಳಿದರು.

ಅಪ್ಪಯ್ಯನ ಹತ್ತಿರ ಉತ್ತರಗಳು ಸಿದ್ಧವಿದ್ದವು, ನನಗೆ ಗೊತ್ತಿತ್ತು. ಮದರಾಸಿನ ಬಿಸಿಲು, ಕಳೆದ ತಿಂಗಳ ಜ್ವರ, ಕೊಳಾಯಿಯ ಉಪ್ಪುನೀರು. ಯಾವುದು ಹೊರಬರುತ್ತದೋ ಎಂದು ನಾನು ನೆಲ ನೋಡುತ್ತ ನಿಂತೆ. ಅವರು ಕೇಸರಿಬಾತಿನ ತಟ್ಟೆಯನ್ನು ಕೆಳಗಿಟ್ಟರು.

"ನಂದ್," ಎಂದರು. "ಒಲಿ ಮುಂದ್ ನಿಂತ್ ಬಂದದ್ದಲ್ಲ, ಹುಟ್ಟಿದ್ದೇ ಹೀಂಗೆ. ಇವ್ಳ್ ಹುಟ್ಟಿದಾಗ ನನ್ನ ಹೆತ್ತಬ್ಬಿ, ಮಗು ಅಪ್ಪಯ್ಯನ ಹಾಂಗೇ ಇತ್ತ್ ಅಂದಿದ್ರ್. ನಂಗ್ ಅವತ್ತ್ ಬಾರೀ ಖುಷಿ ಆಯಿತ್ತ್."

ಆ ಸಂಬಂಧ ಕೂಡಲಿಲ್ಲ, ಕೂಡುವುದು ನನಗೂ ಬೇಡವಾಗಿತ್ತು. ನಾನು ಹುಟ್ಟಿದ ದಿನ ಅಪ್ಪಯ್ಯನಿಗೆ ಖುಷಿಯಾಗಿತ್ತು ಎಂದು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ.