ಬಿಸಿ ಬ್ರೆಡ್ಡಿನ ಸೆಂಟು

ನಮ್ಮ ಎದುರುಮನೆಯವಳನ್ನು ಬೀದಿಯವರೆಲ್ಲ ಮೂಗಿನಕ್ಕ ಅನ್ನುತ್ತಿದ್ದರು. ನನಗಿಂತ ಚಿಕ್ಕವಳು, ಆದರೂ ನನ್ನ ಬಾಯಲ್ಲೂ ಅದೇ ಹೆಸರು ಕೂತುಬಿಟ್ಟಿತ್ತು. ಸೆಂಟ್ ಫ್ಯಾಕ್ಟರಿಯಲ್ಲಿ ಕೂತು ಮೂಸಿ ಮೂಸಿ ಮಾರ್ಕು ಹಾಕುವುದು ಅವಳ ಕೆಲಸ. ಗುಲಾಬಿ, ಮಲ್ಲಿಗೆ ಮೂಸಿದ್ದರೆ ನಾನೇನೂ ಅನ್ನುತ್ತಿರಲಿಲ್ಲ. ಅವರ ಕಂಪನಿಗೆ ತಿಂಡಿ ವಾಸನೆಯ ಸೆಂಟಿನ ಹುಚ್ಚು ಹಿಡಿದಿತ್ತು. ಸೀದ ಸಕ್ಕರೆ, ಹುರಿದ ಈರುಳ್ಳಿ, ಬೆಣ್ಣೆ ಹಾಕಿದ ಪಾಪ್‌ಕಾರ್ನ್, ಒಂದು ಸಲ ಉಪ್ಪಿನಕಾಯಿ ಕೂಡ!

"ಅಲ್ಲ ಕಣೇ, ಉಪ್ಪಿನಕಾಯಿ ಬಳ್ಕೊಂಡು ಯಾವಳು ಹೊರಗೆ ಹೋಗ್ತಾಳೆ?" ಅಂತ ನಾನು ಬಿದ್ದು ಬಿದ್ದು ನಕ್ಕೆ.

ಅವಳು ನಗಲಿಲ್ಲ. "ಹಸಿದವರು ತಿರುಗಿ ನೋಡಿದ್ರೆ ಸಾಕಕ್ಕಾ," ಅಂದಳು.

ಹಸಿವಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನ ಎರಡನೇ ಹೆಂಡತಿ ಇವಳನ್ನು ಅಡುಗೆಮನೆ ಹೊಸ್ತಿಲ ಮೇಲೆ ಕೂರಿಸಿ, ಕಣ್ಣೆದುರೇ ಬ್ರೆಡ್ಡು ಕಾಯಿಸಿ, ಬೆಣ್ಣೆ ಸವರಿ, ತಾನು ತಿನ್ನುತ್ತಿದ್ದಳಂತೆ. ಮಗು ಕೈಚಾಚಿದರೆ, "ವಾಸನೆ ಬಂತಲ್ಲ, ಹೊಟ್ಟೆ ತುಂಬ್ತು, ಏಳು" ಅನ್ನುತ್ತಿದ್ದಳಂತೆ. ಥೂ, ಅವಳದೂ ಒಂದು ಜನ್ಮ! ಮುಂದೆ ಅಪ್ಪ ಸತ್ತ, ಆ ಹೆಂಗಸಿಗೆ ದಿಕ್ಕಿಲ್ಲದಂತಾಯಿತು, ಬಂದು ಇವಳ ಮನೆಯಲ್ಲೇ ಕೂತಳು. ಇವಳು ಇಟ್ಟುಕೊಂಡಳು. "ಚಿಕ್ಕಮ್ಮ" ಅಂತಲೇ ಕರೆದಳು. ನಾವೆಲ್ಲ ಎಂಥ ದೊಡ್ಡ ಮನಸ್ಸು ಅಂತ ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ಚಿಕ್ಕಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಒಂದು ಕೈ ಬಿತ್ತು, ಮಾತು ತೊದಲಿತು, ಗಂಟಲು ಕೈಕೊಟ್ಟಿತು. ಬಾಯಿಗೆ ಏನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತೆ ಅಂತ ಡಾಕ್ಟರು ಹೊಟ್ಟೆಗೇ ನಳಿಗೆ ಹಾಕಿ ಬಿಟ್ಟರು. ನಾನು ನೋಡಲು ಹೋದಾಗಲೆಲ್ಲ ಮುದುಕಿಯದು ಒಂದೇ ಗೋಗರೆತ: "ಒಂದು ತುತ್ತು ಬ್ರೆಡ್ಡು. ಒಂದೇ ತುತ್ತು ತಾಯೀ."

ಅದೇ ಹೊತ್ತಿಗೆ ಫ್ಯಾಕ್ಟರಿಯಲ್ಲಿ ಮೂಗಿನಕ್ಕನ ಗ್ರಹಚಾರ ಕೆಟ್ಟಿತ್ತು. ಅಲ್ಲಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮೂಸಬೇಕು, ಅದು ಕಟ್ಟುನಿಟ್ಟು. ಬಾಯಲ್ಲಿ ನೀರೂರಿದರೆ ಪಾಸು, ಇಲ್ಲದಿದ್ದರೆ ಕಸದಬುಟ್ಟಿ. ಇವಳು ಪಾಸು ಮಾಡಿದ್ದು ಅಂಗಡಿಯಿಂದ ವಾಪಸ್ ಬರತೊಡಗಿತು. "ನಿನಗೀಗ ಹಸಿವು ಗೊತ್ತಿಲ್ಲ" ಅಂತ ಅಲ್ಲಿಯ ದೊಡ್ಡ ಮೇಡಂ ಎಲ್ಲರೆದುರು ಅಂದಳಂತೆ. ಯಾರಿಗೆ ಏನು ಅಂದಳು ನೋಡಿ!

ಒಂದು ಸಂಜೆ ಸೆಂಟು ಅದ್ದಿದ ಕಾಗದದ ಪಟ್ಟಿಯೊಂದು ಅವಳ ಚೀಲದಲ್ಲೇ ಉಳಿದಿತ್ತು. ಚಿಕ್ಕಮ್ಮನ ಹಾಸಿಗೆ ಪಕ್ಕ ಚೀಲ ಬಿಚ್ಚಿದಾಗ ಮುದುಕಿ ತಲೆ ಎತ್ತಿದಳು, ಮೂಗು ಅರಳಿತು, ಎಂಜಲು ನುಂಗಿದಳು. ಅಷ್ಟೇ. ಮಾರನೆಯ ದಿನದಿಂದ ಪಟ್ಟಿಗಳು ಮನೆಗೆ ಬರತೊಡಗಿದವು. ಯಾವ ವಾಸನೆಗೆ ಮುದುಕಿ ಎಂಜಲು ನುಂಗಿದಳೋ ಅದಕ್ಕೆ ಇವಳು ಫ್ಯಾಕ್ಟರಿಯಲ್ಲಿ ಮಾರ್ಕು ಹಾಕುತ್ತಿದ್ದಳು, ಅದು ಅಂಗಡಿಯಲ್ಲಿ ಬಿಸಿ ಬಿಸಿ ಖರ್ಚಾಗುತ್ತಿತ್ತು. ಮೂಗಿಗೆ ತುಪ್ಪ ಸವರೋದು ಅನ್ನುತ್ತೀವಲ್ಲ, ಇವಳು ಅದನ್ನು ಸಂಬಳಕ್ಕೆ ಮಾಡಿದಳು.

ನಾನು ಕಣ್ಣಾರೆ ಕಂಡೆ. ಪಟ್ಟಿಯನ್ನು ಮುದುಕಿಯ ಮೂಗಿನ ಹತ್ತಿರ ಹಿಡಿಯುತ್ತಾಳೆ, ಮುದುಕಿ ಬಾಯಿ ತೆರೆಯುತ್ತಾಳೆ, ಪಟ್ಟಿ ಹಿಂದಕ್ಕೆ. ಮುದುಕಿಯ ಕಣ್ಣಲ್ಲಿ ನೀರು.

"ಪಾಪ ಬರುತ್ತೆ ಕಣೇ ನಿಂಗೆ!" ಅಂದೆ.

"ನಾನು ಹೊಡೆದ್ನಾ? ಬೈದ್ನಾ? ವಾಸನೆ ತೋರಿಸಿದೆ," ಅಂದಳು, ತಣ್ಣಗೆ.

ತಿಂಗಳುಗಟ್ಟಲೆ ಎಂಜಲು ನುಂಗಿ ನುಂಗಿ ಮುದುಕಿಯ ಗಂಟಲು ಪಳಗಿಬಿಟ್ಟಿತು! ನೋಡಲು ಬಂದ ನರ್ಸಮ್ಮ ಬೆರಗಾದಳು. ಇನ್ನು ಮೆತ್ತಗಿನದು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಬಹುದು ಅಂತ ಡಾಕ್ಟರೂ ಒಪ್ಪಿದ್ದಾರೆ ಅಂದಳು. "ನಿಮ್ಮಂಥ ಮಗಳು ಎಲ್ಲರಿಗೂ ಸಿಗಲಿ" ಅಂತ ಮೂಗಿನಕ್ಕನ ಬೆನ್ನು ತಟ್ಟಿ ಹೋದಳು.

ಮೂಗಿನಕ್ಕ ಆ ಸುದ್ದಿಯನ್ನು ಚಿಕ್ಕಮ್ಮನಿಗೆ ಹೇಳಲೇ ಇಲ್ಲ. ಆಗ ಬಿಸಿ ಬ್ರೆಡ್ಡಿನ ಸೆಂಟು ತಯಾರಾಗುತ್ತಿತ್ತು, ಅದಕ್ಕೆ ಹಸಿದ ಮುದುಕಿ ಬೇಕಿತ್ತು. ಮೆಟ್ಟಿಲಲ್ಲಿ ಸಿಕ್ಕ ನರ್ಸಮ್ಮ "ಅಜ್ಜಿ ಏನು ತಿಂದ್ರು?" ಅಂತ ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಪಿತ್ತ ನೆತ್ತಿಗೇರಿತು. ಕೈಯಲ್ಲಿದ್ದ ಕೆಲಸ ಬಿಸಾಕಿ, ಬ್ರೆಡ್ಡು ಕಾಯಿಸಿ, ಬೆಣ್ಣೆ ಸವರಿ, ಬಿಸಿಹಾಲಲ್ಲಿ ಮೆತ್ತಗೆ ನೆನೆಸಿ, ಬಟ್ಟಲು ಹಿಡಿದು ನುಗ್ಗಿದೆ. ಮೂಗಿನಕ್ಕ ಕೈಯಲ್ಲಿ ಪಟ್ಟಿ ಹಿಡಿದು ಹಾಸಿಗೆ ಪಕ್ಕ ನಿಂತಿದ್ದಳು.

"ಸರಿ ಆಚೆ! ಹಾಳಾದವಳೇ, ಅವರಿಗೆ ತಿನ್ನೋಕೆ ಹೇಳಿದಾರೆ!"

ಅವಳು ಸರಿದು ನಿಂತಳು. ಮುದುಕಿಯನ್ನು ಎತ್ತಿ ಕೂರಿಸಿ ಒಂದು ಚಮಚ ಬಾಯಿಗಿಟ್ಟೆ. ಮುದುಕಿ ನಾಲಿಗೆ ಹೊರಳಿಸಿದಳು. ಅವಳ ಮುಖ ಹಿಂಡಿಕೊಂಡಿತು, ಅಷ್ಟನ್ನೂ ಗಲ್ಲದ ಮೇಲೆ ಉಗುಳಿಬಿಟ್ಟಳು.

"ಇದು ಬ್ರೆಡ್ಡಲ್ಲ," ಅಂತ ತೊದಲಿದಳು. "ವಾಸನೇನೇ ಇಲ್ಲ."

"ಇದೇ ಬ್ರೆಡ್ಡು ಚಿಕ್ಕಮ್ಮ, ಈಗ ತಾನೇ ಕಾಯಿಸಿದ್ದು..." ಅಂದೆ. ಇನ್ನೊಂದು ಚಮಚ ಇಟ್ಟೆ. ಅದನ್ನೂ ಉಗುಳಿದಳು. ಆಡುವ ಕೈಯನ್ನು ನನ್ನಾಚೆ ಚಾಚಿದಳು, ಮೂಗಿನಕ್ಕನ ಕಡೆ, ಪಟ್ಟಿಯ ಕಡೆ.

"ಅದು ಕೊಡೇ. ಅದು."

ಮೂಗಿನಕ್ಕ ಪಟ್ಟಿಯನ್ನು ಆ ಕೈಗೆ ಕೊಟ್ಟಳು. ಮುದುಕಿ ಅದನ್ನು ಮೂಗಿಗೊತ್ತಿಕೊಂಡು ಕಣ್ಣು ಮುಚ್ಚಿ ನುಂಗಿದಳು, ಮತ್ತೆ ನುಂಗಿದಳು.

"ಪಾಸು," ಅಂದಳು ಮೂಗಿನಕ್ಕ.

ಆಮೇಲೆ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬ್ರೆಡ್ಡನ್ನು ಬೆರಳಿಂದ ಬಾಚಿ ಬಾಚಿ ತಿಂದು ಮುಗಿಸಿದಳು.