ಆಯಿ ಹೇಳಬೇಕಾಗಿದ್ದ ಹೆಸರು

ನನ್ನ ಆಯಿ, ಅಂದರೆ ಅಪ್ಪನ ತಾಯಿ, ಎಂಬತ್ತು ದಾಟಿ ಬದುಕಿದಳು. ಲಗ್ನದ ದಿನ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದ್ದನ್ನು ಬಿಟ್ಟರೆ, ಗಂಡನ ಹೆಸರನ್ನು ಅವಳು ಒಂದು ದಿನ ಮಾತ್ರ ಬಾಯಿಬಿಟ್ಟು ಹೇಳಿದಳು. ಹೇಳಿಸಿದವನು ನಾನು. ಆ ದಿನ ನೆನಪಾದರೆ ಇಂದಿಗೂ ಸಿಟ್ಟು ಬರುತ್ತದೆ.

ಶಲವಡಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವಳನ್ನು ಹುಡುಗಿಯಾಗಿದ್ದಾಗಲೇ ತಿರ್ಲಾಪುರದ ಕಡೆಯ ನಮ್ಮ ಊರಿಗೆ ಕೊಟ್ಟಿದ್ದರು. ಕೊನೆಯ ಮಗನಾದ ನನ್ನ ಅಪ್ಪ ಅಂಬೆಗಾಲಿಡುತ್ತಿದ್ದಾಗ ಅಜ್ಜ ತೀರಿಕೊಂಡ. ಅಲ್ಲಿಂದ ಮುಂದೆ ಎರೆಹೊಲ ನಡೆಸಿದವಳು ಅವಳೇ. ಮಣ್ಣನ್ನು ಹಿಡಿಯಲ್ಲಿ ಹಿಚುಕಿ ನೋಡಿ ಜೋಳ ಬಿತ್ತುವ ದಿನ ಹೇಳುತ್ತಿದ್ದಳು. ಹತ್ತಿ ಬಿಡಿಸುವ ಹೆಂಗಸರು ಅವಸರ ಮಾಡಿದರೆ ಬದುವಿನ ಮೇಲಿಂದಲೇ ಕೂಗುತ್ತಿದ್ದಳು: “ಅರ್ಧಾ ಹತ್ತಿ ಕಾಯಾಗ ಬಿಟ್ರ, ಉಳದದ್ದು ನಿಮ್ಮತ್ತಿ ಬಂದು ಬಿಡಸ್ತಾಳೇನ ಬೇ?” ಇಷ್ಟಾದರೂ ಹೊಲದ ಉತಾರ, ಅಂದರೆ ಪಹಣಿ, ಸತ್ತ ಗಂಡನ ಹೆಸರಿನಲ್ಲೇ ಉಳಿದಿತ್ತು. ಅದನ್ನು ಬದಲಿಸಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಎಂಬತ್ತರ ದಶಕದ ನಡುವೆ ನನ್ನ ಇಬ್ಬರು ದೊಡ್ಡಪ್ಪಂದಿರಿಗೆ ಅನಿಸಿತು. ಮೂವರು ಅಣ್ಣತಮ್ಮಂದಿರ ಹೆಸರನ್ನು ಉತಾರಕ್ಕೆ ಹಚ್ಚಿಸಿ ಹೊಲ ಹಂಚಿಕೊಳ್ಳಲು ಅವರು ಅರ್ಜಿ ಕೊಟ್ಟರು. ಅಪ್ಪ “ನನ್ನ ನಡಕ ಎಳೀಬ್ಯಾಡ್ರಿ” ಎಂದು ಸುಮ್ಮನಾದ. ಆಯಿ ಸುಮ್ಮನಾಗಲಿಲ್ಲ. “ಮೊದಲ ನನ್ನ ಹೆಸರ ಹತ್ತಲಿ. ನಾ ಇರೂತನಕಾ ಹೊಲಾ ತುಂಡ ಆಗಬಾರದು” ಎಂದಳು. ನಾನಾಗ ಹುಬ್ಬಳ್ಳಿಯಲ್ಲಿ ಪತ್ರಿಕೆಯ ಕೆಲಸಕ್ಕೆ ಸೇರಿದ್ದೆ. ಅರ್ಜಿ ಬರೆದು, ಅವಳನ್ನು ಬಸ್ಸಿನಲ್ಲಿ ನವಲಗುಂದದ ತಹಶೀಲ್ದಾರ ಕಚೇರಿಗೆ ಕರೆದೊಯ್ದೆ.

ಗುಮಾಸ್ತ ಅವಳ ಜಬಾಬು, ಅಂದರೆ ಹೇಳಿಕೆ, ಬರೆದುಕೊಳ್ಳಲು ಕುಳಿತ.

“ಗಂಡನ ಹೆಸರೇನವಾ?”

“ಅರ್ಜ್ಯಾಗ ಐತಲ್ಲ.”

“ನಿನ್ನ ಬಾಯಿಲೆ ಬರಬೇಕು.”

ನಾನು ಹೇಳಲು ಹೋದೆ. ಅವನು ಕೈ ಅಡ್ಡ ಹಿಡಿದ. “ಲಗ್ನಾ ನಿಮಗ ಆಗಿತ್ತೇನ್ರಿ?”

ಆಯಿ ಸೆರಗು ಸರಿಮಾಡಿಕೊಂಡು ಸುತ್ತುದಾರಿ ಹಿಡಿದಳು. “ನಮ್ಮೂರ ಗುಡ್ಯಾಗಿನ ದೇವರ ಹೆಸರ.”

“ಗುಡ್ಯಾಗ ಯಾವ ದೇವರೈತಿ?”

“ದೊಡ್ಡ ದೇವರು.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಗಂಡನ ಹೆಸರೇ ಇದ್ದುದರಿಂದ ಆ ದೇವರನ್ನೂ ಅವಳು ಎಂದೂ ಹೆಸರು ಹಿಡಿದು ಕರೆದಿರಲಿಲ್ಲ. ಗುಮಾಸ್ತನಿಗೆ ನಗು ಬಂತು. “ಹಂಗಾರ ಒಂದು ಒಡಪು ಹಾಕಿ ಹೇಳವಾ, ನಾವೂ ಕೇಳತೇವಿ.”

“ಒಡಪು ಮುತ್ತೈದ್ಯಾರು ಹಾಕೂದು. ನಿಮ್ಮವ್ವ ನಿನಗ ಇಷ್ಟೂ ಕಲಿಸಿಲ್ಲೇನು?”

ಬಾಜೂ ಮೇಜಿನವರು ನಕ್ಕರು. ಗುಮಾಸ್ತ ಲೇಖನಿ ಕೆಳಗಿಟ್ಟ. “ಹೆಸರಿಲ್ಲದ ಜಬಾಬು ನಡಿಯೂದಿಲ್ರಿ. ಕರಕೊಂಡು ಹೋಗ್ರಿ.”

ಅವಳನ್ನು ವರಾಂಡಕ್ಕೆ ಕರೆತಂದು ಒಂದು ತಾಸು ತಿಳಿಹೇಳಿದೆ. ಹೆಸರು ಹೇಳಿದರೆ ಸತ್ತವರಿಗೆ ಏನಾಗುತ್ತದೆ ಎಂದು ಕೇಳಿದೆ. ಇಲ್ಲದಿದ್ದರೆ ಹೊಲ ಹೋಗುತ್ತದೆ ಎಂದು ಹೆದರಿಸಿದೆ. ಕೊನೆಗೆ ಅವಳೇ ಎದ್ದು ಒಳಗೆ ಹೋದಳು. ಮೇಜಿನ ಅಂಚು ಹಿಡಿದು, ಗುಮಾಸ್ತನ ಮುಖ ನೋಡದೆ, ಗಂಡನ ಹೆಸರು ಹೇಳಿದಳು. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಅವನು ಇನ್ನೊಮ್ಮೆ ಕೇಳಿದ. ಇನ್ನೊಮ್ಮೆ ಹೇಳಿದಳು.

ಆಮೇಲೆ ಅವನು ಉತಾರದ ಪುಸ್ತಕ ತೆರೆದ. ಮೊದಲೇ ತೆರೆಯಬಹುದಿತ್ತು.

“ಇದಲ್ಲವಾ. ಇಲ್ಲೆ ಬ್ಯಾರೇ ಹೆಸರೈತಿ.”

ಅಜ್ಜ ಈ ಮನೆಗೆ ದತ್ತಕ ಬಂದವನು. ದತ್ತಕದ ಕಾಗದದಲ್ಲಿ ಅವನಿಗೆ ಕೊಟ್ಟ ಹೊಸ ಹೆಸರೇ ಉತಾರಕ್ಕೆ ಹತ್ತಿತ್ತು. ಊರಲ್ಲಿ ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಅರ್ಜಿಯಲ್ಲಿ ನಾನು ಊರು ಬಲ್ಲ ಹೆಸರನ್ನೇ ಬರೆದಿದ್ದೆ. ಹೆಸರನ್ನು ಎರಡು ಸಲ ತಾಳೆ ನೋಡಬೇಕೆಂದು ಪತ್ರಿಕೆಯಲ್ಲಿ ದಿನವೂ ಬೈಸಿಕೊಳ್ಳುತ್ತಿದ್ದ ನಾನು, ಸ್ವಂತ ಅಜ್ಜನ ಉತಾರ ತೆಗೆಸಿ ನೋಡಿರಲಿಲ್ಲ.

ಗುಮಾಸ್ತನಿಗೆ ಆಗ ಮರುಕ ಬಂದಿರಬೇಕು. “ಇರ್ಲಿ ಬಿಡ್ರಿ, ಎರಡೂ ಹೆಸರಿನ ನಡುವ ‘ಉರ್ಫ್’ ಅಂತ ಬರೀತೇನಿ” ಎಂದು ಉತಾರದ ಹೆಸರನ್ನು ಗಟ್ಟಿಯಾಗಿ ಓದಿದ. “ಇವರೂ ನಿನ್ನ ಗಂಡನ ಹೌದಿಲ್ಲೋ? ಹ್ಞೂಂ ಅನ್ನವಾ, ಸಾಕು.”

ನಾನು ಅವಳ ತೋಳು ಮುಟ್ಟಿದೆ. “ಹ್ಞೂಂ ಅನ್ನ ಬೇ.”

ಆಯಿ ನನ್ನ ಕೈ ಸರಿಸಿದಳು. ಈಗ ಅವಳ ಧ್ವನಿ ಇಡೀ ಕಚೇರಿಗೆ ಕೇಳಿಸಿತು. “ಆ ಹೆಸರಿನವರ್ನ ನಾ ಲಗ್ನಾ ಆಗಿಲ್ಲ.”

“ಯವ್ವಾ, ಕಾಗದದಾಗ ಅಷ್ಟ...” ಎಂದ ಗುಮಾಸ್ತ.

“ನನ್ನ ಗಂಡನ ಹೆಸರ ಬಾಯಿ ಬಿಟ್ಟು ಹೇಳೇನಿ. ಎರಡೆರಡು ಸಲಾ ಹೇಳಿಸಿದ್ರಿ. ಈಗ ಇನ್ನೊಬ್ಬರನ್ನ ಗಂಡ ಅನ್ನಂದ್ರ ಅನ್ನಲೇನು? ಬರಕೋ.”

ಅವನು ಒಂದಕ್ಷರ ಬಿಡದೆ ಬರೆದುಕೊಂಡ. ಆಯಿ ಹೆಬ್ಬೆಟ್ಟು ಒತ್ತಿ ಹೊರಗೆ ಬಂದಳು.

ನಮ್ಮ ಅರ್ಜಿ ಬಿದ್ದುಹೋಯಿತು. ದೊಡ್ಡಪ್ಪಂದಿರು ಉತಾರದ ಹೆಸರನ್ನೇ ಸರಿಯಾಗಿ ಬರೆದಿದ್ದರು, ಅವರದು ಪಾಸಾಯಿತು. ಮುಂದಿನ ಬಿತ್ತನೆಯ ಹೊತ್ತಿಗೆ ಹೊಲದಲ್ಲಿ ಎರಡು ಹೊಸ ಬದುಗಳಿದ್ದವು. ಸರಿಪಡಿಸಲು ದಾರಿಗಳಿದ್ದವು, ನಾನು ವಿಚಾರಿಸಿಕೊಂಡೂ ಬಂದಿದ್ದೆ. ಪ್ರತಿ ಸಲ ಅವಳದು ಒಂದೇ ಪ್ರಶ್ನೆ: “ಅಲ್ಲಿ ಮತ್ತ ಏನ ಅನ್ನಸ್ತಿ ನನ್ನ ಕಡಿಂದ?” ನಾನು ತಂದ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕುತ್ತಿದ್ದೆ. ಆ ವರ್ಷ ಮೂರು ತುಂಡಿಗೂ ಬಿತ್ತುವ ದಿನ ಹೇಳಿದವಳು ಅವಳೇ. ಮೂವರು ಮಕ್ಕಳೂ ಕೇಳಿಕೊಂಡು ಬಂದಿದ್ದರು.