ಬಾವನ ಕೋವಿಯ ತಿರುಪುಗಳು

ತಿರುಪು ಎಷ್ಟು ಹಠ ಮಾಡಿದರೂ ನನಗೆ ಸಿಟ್ಟು ಬರುವುದಿಲ್ಲ. ಮನುಷ್ಯರ ಮೇಲೆ ಬರುತ್ತದೆ. ನಮ್ಮ ಬಾವನ ಸುದ್ದಿ ಎತ್ತಿದರಂತೂ ಈಗಲೂ ಮೈಯೆಲ್ಲ ಉರಿಯುತ್ತದೆ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದ ಮಾತಿದು. ರೇಷ್ಮೆ ನೇಯುವವರ ಬೀದಿಯ ತುದಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಹೊಲಿಗೆ ಮಿಷನ್ನು, ಗೋಡೆ ಗಡಿಯಾರ, ಸೈಕಲ್ಲು, ಏನು ಬಂದರೂ ಬಿಚ್ಚಿ ಜೋಡಿಸುತ್ತಿದ್ದೆ.

ಅಕ್ಕನನ್ನು ಹನೂರಿನಾಚೆ ಕಾಡಂಚಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದೆವು. ಹೊಲ ಮನೆ ಚೆನ್ನಾಗಿತ್ತು. ಬಾವನಿಗೆ ಮಾತ್ರ ಬೇಟೆಯ ಹುಚ್ಚು. ಯಳಂದೂರು ಕಡೆಯ ಕಾಫಿ ತೋಟದ ದೊರೆಯೊಬ್ಬ ಊರು ಬಿಡುವಾಗ ಮಾರಿದ ರೈಫಲ್ಲು ಅವನ ಕೈ ಸೇರಿತ್ತು. ಅದರ ಬೆನ್ನ ಮೇಲೆ ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು ಬೇರೆ. ಲಿಂಗಪೂಜೆ ಆಗದೆ ತೊಟ್ಟು ನೀರು ಕುಡಿಯದ ಅಕ್ಕ, ಬಹಳ ದಿನ ಕಂಡೂ ಕಾಣದ ಹಾಗೆ ಇದ್ದಳು. ಒಂದು ಸಲ ಬಾವ ಜೊತೆಗಾರರನ್ನು ಕಟ್ಟಿಕೊಂಡು ಬಂದು ಹಿತ್ತಲಲ್ಲೇ ಜಿಂಕೆ ಬೇಯಿಸಿದ. ಬೇಯಿಸಿದ್ದು ಯಾವುದರಲ್ಲಿ? ಮದುವೆಯಲ್ಲಿ ನಮ್ಮವ್ವ ಕೊಟ್ಟ ಹಿತ್ತಾಳೆ ತಪ್ಪಲೆಯಲ್ಲಿ! ಅಕ್ಕ ಸೀರೆ ಗಂಟು ಕಟ್ಟಿಕೊಂಡು ತವರಿಗೆ ಬಂದುಬಿಟ್ಟಳು.

“ಅವ್ರು ಬ್ಯಾಟೆ ಬುಡೋಗಂಟ ನಾ ಆ ವಸ್ಲು ತುಳಿಯಾಕಿಲ್ಲ” ಅಂದಳು. ಅವ್ವ ಕಣ್ಣೀರು ಹಾಕಿದರೂ ಜಗ್ಗಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಬಾವ ಸೀದಾ ನನ್ನ ಅಂಗಡಿಗೆ ಬಂದ. ಗೋಣಿಯಲ್ಲಿ ಸುತ್ತಿದ್ದ ರೈಫಲ್ಲನ್ನು ಬಿಚ್ಚಿ ಮೇಜಿನ ಮೇಲಿಟ್ಟ.

“ಸಾಕಾಯ್ತು ಕಣ್ಲಾ ಬಾಮೈದ. ಹಂದಿ ಹೆದರ್ಸಕೆ ಮನೇಲೊಂದು ಕೋವಿ ಇರ್ಬೇಕು, ಇಲ್ದಿದ್ರೆ ರಾಗಿ ಉಳಿಯಾಕಿಲ್ಲ. ನನ್ನ ಬ್ಯಾಟೆಗೆ ಎಳೆಯೋದು ಈ ದುರ್ಬೀನು. ಇದ್ನ ಕಿತ್ತಾಕ್ಬುಡು. ಮಾದಪ್ಪನಾಣೆ, ಇನ್ ಕಾಡಿನ ಕಡೀಕೆ ತಲೆ ಆಕಿ ಮಲಗಾಕಿಲ್ಲ.”

ಅವನ ಕಣ್ಣಲ್ಲಿ ನೀರಿತ್ತು. ನನ್ನ ಕರುಳು ಚುರ್ ಅಂದಿತು. ಥೂ, ನನ್ನ ಕರುಳಿಗಿಷ್ಟು!

ಕೋವಿಯಲ್ಲಿ ಗುಂಡಿಲ್ಲವೆಂದು ಎರಡೆರಡು ಸಲ ನೋಡಿ ಕೆಲಸಕ್ಕೆ ಕುಳಿತೆ. ದುರ್ಬೀನನ್ನು ಹಿಡಿದಿದ್ದ ಉಕ್ಕಿನ ಪಟ್ಟಿಯನ್ನು ನಾಲ್ಕು ತಿರುಪುಗಳು ನಳಿಗೆಗೆ ಬಿಗಿದಿದ್ದವು. ಎಲ್ಲ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಮೊದಲೇ ಯಾರೋ ಒಡ್ಡೊಡ್ಡಾಗಿ ತಿರುಗಿಸಿ ತಲೆಯ ಸೀಳನ್ನೂ ಸವೆಸಿದ್ದರು. ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಹಾಕಿದೆ. ಮಾರನೆಯ ದಿನ ತಿರುಪುಳಿಯ ತುದಿಯನ್ನು ಸೀಳಿಗೆ ಸರಿಯಾಗಿ ಕೂರುವಂತೆ ಅರದಲ್ಲಿ ಉಜ್ಜಿದೆ. ತಲೆಗೆ ಕಾದ ಸಲಾಕೆ ಮುಟ್ಟಿಸಿ, ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ, ಮೊದಲು ಒಂದಿಷ್ಟು ಬಿಗಿಯುವ ಕಡೆಗೇ ತಿರುಗಿಸಿದೆ. ಆಮೇಲೆ ಬಿಚ್ಚುವ ಕಡೆಗೆ. ಮೂರು ತಿರುಪು ಕಿರ್ ಎಂದು ಕದಲಿದವು. ನಾಲ್ಕನೆಯದರ ತಲೆಯೇ ಮುರಿದುಹೋಯಿತು. ಉಳಿದ ಮೊಂಡನ್ನು ಕೈಬೈರಿಗೆಯಿಂದ ಕೊರೆದು ತೆಗೆಯುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಆದರೂ ಹಾಡು ಗುನುಗುತ್ತಿದ್ದೆ. ಅಕ್ಕನ ಬಾಳು ನೆಟ್ಟಗಾಗುತ್ತದೆ ಅನ್ನುವ ಸಂತೋಷ.

ತೂತುಗಳನ್ನು ತೆರೆದೇ ಬಿಟ್ಟರೆ ನೀರಿಳಿದು ತುಕ್ಕು ಹಿಡಿಯುತ್ತದೆ, ಹೊಸ ತಿರುಪು ಮಾಡಿ ಮುಚ್ಚು ಅಂದ ಬಾವ. ಮಾತೇನೋ ಸರಿಯಾಗೇ ಇತ್ತು.

“ಸ್ವಲ್ಪ ಉದ್ದುಕ್ಕೇ ಮಾಡು.”

“ಉದ್ದ ಆದ್ರೆ ಮೇಲೆದ್ದು ಕಾಣ್ತದಲ್ಲ ಬಾವ.”

“ಕಂಡ್ರೆ ಕಾಣ್ಲಿ ಬುಡು. ಗ್ರೀಸು ಆಕು, ಮತ್ತೆ ಕಚ್ಕಳದು ಬ್ಯಾಡ.”

ಒಳ್ಳೆಯ ಉಕ್ಕಿನಲ್ಲಿ ಉದ್ದುದ್ದ ಮಾಡಿದೆ. ಹೊಲಿಗೆ ಮಿಷನ್ನಿನ ತಿರುಪಿಗೆ ಮಾಡುವ ಹಾಗೆ ತಲೆಯ ಅಂಚಿಗೆ ಗೀರು ಹಾಕಿ, ಗ್ರೀಸು ಸವರಿ ಕೂರಿಸಿದೆ. ದುರ್ಬೀನು ಸಾಕ್ಷಿಗೆ ನಿನ್ನ ಹತ್ತಿರವೇ ಇರಲಿ ಅಂದ. ಅದನ್ನು ಮನೆಗೆ ತಂದು ಅಕ್ಕನ ಮಡಿಲಿಗೆ ಹಾಕಿ, ಬಾವ ಮಾದಪ್ಪನ ಆಣೆ ಇಟ್ಟದ್ದನ್ನೂ ಹೇಳಿದೆ. ಅವಳು ದುರ್ಬೀನನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು.

“ಅವ್ರ ಮಾತು ನಂಗೆ ಬ್ಯಾಡ. ನೀ ಯೋಳು. ಓಗ್ಲಾ?”

“ಓಗಕ್ಕ. ನಾನಿದೀನಿ. ನನ್ ಮಾತ್ನ ನಂಬು.”

ನನ್ನ ಮಾತು ನಂಬಿ ಹೋದಳು.

ಗೌರಿ ಹಬ್ಬ ಬಂತು. ಒಂದು ವರ್ಷವೂ ತಪ್ಪಿಸದ ಅಕ್ಕ ಬಾಗಿನಕ್ಕೆ ಬರಲಿಲ್ಲ. ಹೊಲದಲ್ಲಿ ಕೆಲಸವಿದೆ ಎಂದು ಹೇಳಿಕಳಿಸಿದಳು. ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ತವರು ಮರೆತಳು ಎಂದು ಅವ್ವನನ್ನು ನಾನೇ ರೇಗಿಸಿದೆ. ದೀಪಾವಳಿ ಆದ ಮೇಲೆ ಹನೂರಿನ ದರ್ಜಿಯೊಬ್ಬನ ಮಿಷನ್ನು ನೋಡಲು ಹೋದವನು, ಒಂದು ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಅಕ್ಕನ ಊರಿಗೆ ನಡೆದೆ. ಬಿಸಿಲೇರಿದ್ದರೂ ಬಾವ ಗೊರಕೆ ಹೊಡೆಯುತ್ತಿದ್ದ. ಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಹಗ್ಗದ ಮಂಚದ ಮೇಲೆ ರೈಫಲ್ಲು ಬಿಸಿಲಿಗೆ ಬಿದ್ದಿತ್ತು. ದುರ್ಬೀನು ಇದ್ದ ಜಾಗದಲ್ಲಿ ಮೊಳದುದ್ದದ ಬ್ಯಾಟರಿ ಟಾರ್ಚು. ಅದನ್ನು ಹಿಡಿದಿದ್ದ ದಪ್ಪ ತಗಡಿನ ಮೇಲೆ ಗೀರಿನ ತಲೆಯ ನನ್ನ ನಾಲ್ಕು ತಿರುಪುಗಳು ಫಳಫಳ ಹೊಳೆಯುತ್ತಿದ್ದವು. ತಗಡಿನ ದಪ್ಪಕ್ಕೆ ಆ ಉದ್ದ ಅಳತೆ ತೆಗೆದು ಮಾಡಿದಂತಿತ್ತು.

ಆಗ ತಿಳಿಯಿತು. ಕತ್ತಲಲ್ಲಿ ದುರ್ಬೀನು ಯಾವ ಕೆಲಸಕ್ಕೂ ಬರುವುದಿಲ್ಲ. ಟಾರ್ಚಿನ ಬೆಳಕು ಕಣ್ಣಿಗೆ ಹೊಡೆದರೆ ಜಿಂಕೆ ನಿಂತಲ್ಲೇ ನಿಲ್ಲುತ್ತದೆ. ನನಗೆ ತಿರುಪು ಗೊತ್ತು, ಬೇಟೆ ಎಲ್ಲಿ ಗೊತ್ತು? ಹೆಂಡತಿಯನ್ನೂ ಕರೆಸಿಕೊಂಡ, ರಾತ್ರಿ ಬೇಟೆಗೆ ಕೋವಿಯನ್ನೂ ಸಜ್ಜು ಮಾಡಿಸಿಕೊಂಡ. ಎರಡನ್ನೂ ನನ್ನ ಕೈಯಿಂದಲೇ! ದ್ರೋಹಿ, ಮಾದಪ್ಪನಿಗೂ ಹೆದರದ ಮುಂಡೇದು.

ಜೇಬಿನಲ್ಲಿದ್ದ ತಿರುಪುಳಿ ತೆಗೆದು ಒಂದೊಂದೇ ಬಿಚ್ಚಿದೆ. ಗ್ರೀಸು ಹಾಕಿದವನು ನಾನೇ ಅಲ್ಲವೇ, ಸಲೀಸಾಗಿ ಬಂದವು. ಬೆನ್ನ ಹಿಂದೆ ಬಳೆ ಸದ್ದಾಯಿತು. ಅಕ್ಕ ನೀರಿನ ಚೆಂಬು ಹಿಡಿದು ನಿಂತಿದ್ದಳು. ಬಹಳ ಇಳಿದುಹೋಗಿದ್ದಳು.

“ಅಕ್ಕ, ಈ ನನ್ಮಗ ನಂಗೂ ಮೋಸ ಮಾಡ್ದ ಕಣಕ್ಕ. ನಡಿ, ಮನೆಗೋಗವ.”

ಅವಳು ನನ್ನ ಅಂಗೈಯಲ್ಲಿದ್ದ ತಿರುಪುಗಳನ್ನು ನೋಡುತ್ತಿದ್ದಳು.

“ನಿಂಗೂ ಮೋಸನಾ?” ಅಂದಳು. “ತಲೆ ಮ್ಯಾಲಿನ ಗೀರು ನೋಡುದ್ ದಿನ್ವೇ ಇವು ನಿನ್ ಕೈಯೋವು ಅಂತ ಗೊತ್ತಾಯ್ತು. ಇಬ್ರೂ ಮಾತಾಡ್ಕಂಡೇ ನನ್ನ ಸಾಗಾಕುದ್ರಿ ಅನ್ಕಂಡೆ ಕಣ್ಲಾ. ಅದ್ಕೇ ಗೌರಿ ಅಬ್ಬುಕ್ಕೂ ಬರ್ಲಿಲ್ಲ.”